ಅಳಿಯನ ಖೋಲಿಗೆ ಬಾಡಿಗೆದಾರರು

ಅಪ್ಪಾ,

ನೀನು ಅಳಿಯನಿಗೆಂದು ಕಟ್ಟಿದ ಖೋಲಿಯಲ್ಲಿ ಈಗ ಇಬ್ಬರು ಗಂಡಸರು ಮಲಗುತ್ತಾರೆ. ಇಬ್ಬರಲ್ಲಿ ಒಬ್ಬನೂ ನಿನ್ನ ಅಳಿಯನಲ್ಲ. ಈ ವಿಷಯವನ್ನು ನಿನಗೆ ಇಷ್ಟು ದಿನ ಹೇಳಲೇ ಇಲ್ಲ. ದಿನಾ ನಿನ್ನ ಫೋಟೋಕ್ಕೆ ಊದಿನಕಡ್ಡಿ ಹಚ್ಚುವಾಗ ಊರ ಸುದ್ದಿಯೆಲ್ಲ ಒಪ್ಪಿಸುತ್ತೇನೆ. ಕಾಲುವೆಗೆ ನೀರು ಬಿಟ್ಟರು, ಬಸ್ ನಿಲ್ದಾಣದ ಎದುರು ಎಸ್.ಟಿ.ಡಿ. ಬೂತ್ ಬಂತು, ಅವ್ವನ ಮಂಡಿನೋವು ಹೆಚ್ಚಾಯಿತು, ಎಲ್ಲ. ಖೋಲಿಯ ಮಾತು ನಾಲಿಗೆಯ ತುದಿಗೆ ಬಂದಾಗ ಮಾತ್ರ ಕಡ್ಡಿ ಸಿಕ್ಕಿಸಿ ಹೊರಗೆ ಓಡುತ್ತೇನೆ. ಸತ್ತವರಿಗೆ ಎಲ್ಲಾ ತಿಳಿಯುತ್ತದೆ ಅಂತ ಅವ್ವ ಹೇಳುತ್ತಾಳೆ. ಹಾಗಿದ್ದರೆ ನಿನಗೆ ಗೊತ್ತಿದ್ದೂ ಸುಮ್ಮನಿದ್ದೀಯಾ? ಇರಲಿ, ನನ್ನ ಬಾಯಿಂದಲೂ ಒಮ್ಮೆ ಕೇಳು. ಹೇಳದೆ ಇರುವುದೂ ಒಂದು ನಮೂನೆಯ ಸುಳ್ಳೇ ಅಂತ ಈಚೆಗೆ ಅನ್ನಿಸತೊಡಗಿದೆ. ಸುಳ್ಳು ನನಗೆ ಹೊಂದುವುದಿಲ್ಲ, ನಿನಗೇ ಗೊತ್ತು.

ಆ ಖೋಲಿಯ ಬುನಾದಿ ತೋಡಿದ ದಿನ ನೆನಪಿದೆಯಾ? ನೀನು ಟೇಪು ತರಲು ಮರೆತು, ನೆಲದ ಮೇಲೆ ಅಂಗಾತ ಮಲಗಿಕೊಂಡೆ. ತಲೆಯ ಹಿಂದೆ ಒಂದು ಮೊಳ, ಕಾಲಿನ ಮುಂದೆ ಒಂದು ಮೊಳ ಬಿಟ್ಟು ಗೆರೆ ಹೊಡೆಯಲು ನನಗೆ ಹೇಳಿದೆ. "ನಮ್ಮ ಅಮ್ರಿ ಗಂಡ ಎಷ್ಟ ಉದ್ದ ಇದ್ರೂ ಗ್ವಾಡಿಗೆ ಕಾಲ ಬಡೀಬಾರದು" ಅಂದೆ. ನಾನು ಆಗ ಲಂಗ ತೊಟ್ಟ ಹುಡುಗಿ. ಒಬ್ಬಳೇ ಮಗಳನ್ನು ಕೊಟ್ಟು ಕಳಿಸಿದರೆ ಮನೆ ಬಿಕೋ ಅನ್ನುತ್ತದೆ, ಅದಕ್ಕೆ ಅಳಿಯನನ್ನೇ ಮನೆಗೆ ತರಬೇಕು ಅನ್ನುವುದು ನಿನ್ನ ಹಂಚಿಕೆ. ಅಳಿಯ ಯಾರೆಂದು ಗೊತ್ತಿಲ್ಲದೆ ಅವನ ಕಾಲಿಗೆ ಜಾಗ ಬಿಟ್ಟ ಗೌಂಡಿ ಜಗತ್ತಿನಲ್ಲಿ ನೀನೊಬ್ಬನೇ ಇರಬೇಕು. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಅರ್ಧ ಸಿಂಧನೂರಿನ ಮಾಳಿಗೆ ಹಾಕಿದವನು ನೀನು. ನಿನ್ನ ಆ ಖೋಲಿಯ ಮಾಳಿಗೆ ಮಾತ್ರ ಸೋರುತ್ತದೆ.

ನಾನು ಶಾಲೆ ಬಿಟ್ಟು ಪಾಟೀಚೀಲವನ್ನು ಮೂಲೆಗೆ ಎಸೆದ ಸಂಜೆ ನೀನು ಬೈಯಲಿಲ್ಲ. ತನಿಖೆಗೆ ಬಂದ ಸಾಹೇಬರು "ಮಾಸ್ತರು ದಿನಾ ಪಾಠ ಮಾಡ್ತಾರೇನವ್ವಾ?" ಅಂತ ನನ್ನನ್ನೇ ಎಬ್ಬಿಸಿ ಕೇಳಿದರು. ಇಡೀ ತರಗತಿಯಲ್ಲಿ ನಾನೇ ಯಾಕೆ ಬೇಕಿತ್ತು ಅವರಿಗೆ? "ಸೋಮವಾರ ಸಂತಿಗೆ ಹೋಗ್ತಾರ್ರಿ, ಉಳಿದ ದಿನ ಮಾಡ್ತಾರ್ರಿ" ಅಂದೆ. ಇದ್ದದ್ದು ಇದ್ದ ಹಾಗೆ. ಆಮೇಲೆ ಆ ಮಾಸ್ತರರು ನನ್ನನ್ನು ಕಂಡಾಗಲೆಲ್ಲ "ಬಂದ್ಳು ನೋಡ್ರಿ ಸತ್ಯವಂತಿ" ಅನ್ನುವರು, ಹುಡುಗರು ನಗುವರು. ಮೊದಲೇ ನನಗೆ ಒಂದು ಕಡೆ ಕುಂತು ಗೊತ್ತಿಲ್ಲ. ಒಂಬತ್ತನೆಯ ಇಯತ್ತೆಗೆ ಸಾಕೆನಿಸಿತು. ನೀನು ಬೀಡಿ ಹಚ್ಚಿ, "ಖರೇ ಹೇಳೂದು ಛಲೋನೇ. ಆದ್ರ ಖರೇ ಹೇಳಿ ಬದುಕೂದಕ್ಕ ಒಂದು ಕಸುಬು ಬೇಕಾಕೈತಿ ಬೇ" ಅಂದೆ. ಯಾವ ಕಸುಬು ಅಂತ ಹೇಳಲಿಲ್ಲ. ಆಮೇಲೆ ನೀನೇ ಹೇಳುತ್ತೀಯ ಅಂತ ನಾನೂ ಕೇಳಲಿಲ್ಲ. ಅಷ್ಟರಲ್ಲಿ ಕಾಮಣಿ ಬೇನೆ ಬಂದು, ನಿನ್ನ ಕಣ್ಣು ಹಳದಿಯಾಗಿ...

ನಿನ್ನ ದಿನಕರ್ಮದ ಊಟ ಮುಗಿದು ಎಲೆ ಎತ್ತುವಾಗಲೇ ನಿನ್ನ ತಮ್ಮ, ಸಂತೆಕಲ್ಲೂರಿನ ಶರಣಪ್ಪ ಕಾಕಾ, ಅಳಿಯನ ಖೋಲಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. "ಖೋಲಿ ತಯಾರ್ ಐತಿ, ಅಳಿಯಾನೂ ತಯಾರ್ ಅದಾನ" ಅಂದ. ಅಳಿಯನೆಂದರೆ ಕಾಕಾನ ಹೆಂಡತಿಯ ತಮ್ಮ ಬಸಣ್ಣ. ನಿನಗೆ ಗೊತ್ತಲ್ಲ, ಉಂಡು ಕೈ ತೊಳೆಯಲೂ ಯಾರಾದರೂ ನೀರು ಹಾಕಲಿ ಅಂತ ಕಾಯುವವನು. ಇಲ್ಲವಾದರೆ ಇನ್ನೊಂದು ದಾರಿ: ಮನೆ ಮಾರಿ ಸಂತೆಕಲ್ಲೂರಿಗೆ ಬಂದು ತನ್ನ ಮನೆಯ ಪಡಸಾಲೆಯಲ್ಲಿ ಇರುವುದು. ಯುಗಾದಿಯವರೆಗೆ ಟೈಮು ಕೊಟ್ಟ. ಅಲ್ಲಿಯವರೆಗೆ ತಿಂಗಳಿಗೊಂದು ಜೋಳದ ಚೀಲ ಕಳಿಸುವುದಾಗಿ ಹೇಳಿದ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ತಲೆ ಅಲ್ಲಾಡಿಸಿದಳು. ಒಲ್ಲೆ ಅನ್ನಲು ಮನೆಯಲ್ಲಿ ಜೋಳ ಇರಬೇಕಲ್ಲ?

ಮೊದಲ ಚೀಲ ಬಂದ ದಿನವನ್ನು ನೀನು ನೋಡಬೇಕಿತ್ತು. ಮಸ್ಕಿ ಮೇಲಿಂದ ಬರುವ ಬಸ್ಸಿನ ಟಾಪಿನಿಂದ ಚೀಲ ಕೆಳಗಿಳಿಯಿತು. ಅದರ ಹಿಂದೆಯೇ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಇಡೀ ನಿಲ್ದಾಣಕ್ಕೆ ಕೇಳುವಂತೆ ಒದರಿದ: "ಏ ಗೌಂಡೇರ ಹುಡುಗಿ! ನಿಮ್ಮ ಕಾಕಾ ಹೇಳ್ಯಾನ, ಸೈಕಲ್ ಹೊಡ್ಯೂದು ಬಿಡಬೇಕಂತ!" ಮುಂದಿನ ತಿಂಗಳು: "ನಿಮ್ಮವ್ವ ಪಿಚ್ಚರಿಗೆ ಹೋಗಿದ್ಳಂತ, ಇನ್ನೊಮ್ಮಿ ಹೋಗಬಾರದಂತ!" ಬಾಳೆಹಣ್ಣು ಮಾರುವವರು, ಬೂಟು ಪಾಲೀಷಿನವರು ಎಲ್ಲ ನನ್ನ ಕಡೆ ತಿರುಗಿ ನೋಡುವರು. ಕಾಕಾನ ಜೋಳದಲ್ಲಿ ಕಲ್ಲಿಗಿಂತ ಹುಕುಮೇ ಹೆಚ್ಚು. ಆ ಚೀಲ ಸೈಕಲ್ಲಿಗೆ ಹೇರಿಕೊಂಡು ಬರುವಾಗ ನಿಶ್ಚಯ ಮಾಡಿದೆ: ಯುಗಾದಿಯೊಳಗೆ ನಮ್ಮ ಜೋಳ ನಾವು ಕೊಳ್ಳಬೇಕು. ನಮ್ಮ ಹತ್ತಿರ ಏನಿತ್ತು? ನಿನ್ನ ಗಾರೆಯ ತಾಪಿ, ನಿನ್ನ ಅಂಗಿಗಳು, ಖಾಲಿ ಬಿದ್ದ ಒಂದು ಖೋಲಿ.

ರಟ್ಟಿನ ಮೇಲೆ ಸುಣ್ಣದಿಂದ ಬರೆದು ಬಾಗಿಲಿಗೆ ತೂಗುಹಾಕಿದ ಬೋರ್ಡು ನೋಡಿ ಅವ್ವ ಹಣೆ ಹಣೆ ಬಡಿದುಕೊಂಡಳು. "ಖೋಲಿ ಬಾಡಿಗೆಗೆ ಇದೆ" ಅಂತ ದೊಡ್ಡದಾಗಿ ಬರೆದಿದ್ದೆ. ಕೆಳಗೆ ಸಣ್ಣದಾಗಿ: "ಮಳೆ ಬಂದರೆ ಒಂದು ಮೂಲೆ ಸೋರುತ್ತದೆ. ಪಾಯಖಾನೆ ಇಲ್ಲ. ಮನೆಯವರು ಬಹಳ ಮಾತಾಡುತ್ತಾರೆ."

"ಯಾಕಬೇ, ನಿನ್ನಂಗ ಯಾರರ ಅಂಗಡಿ ಇಡ್ತಾರೇನು? ಕೊಳ್ಳಾಕ ಬಂದವಗ 'ಬದನಿಕಾಯಾಗ ಹುಳ ಅದಾವು' ಅಂತ ಹೇಳ್ತಾರೇನು?"

"ಹುಳ ಇದ್ದಮ್ಯಾಲೆ ಹೇಳಬೇಕಲ್ಲಬೇ."

"ಮತ್ತ ನಾ ಬಹಳ ಮಾತಾಡ್ತೀನೇನು?" ಅಂತ ಶುರುಮಾಡಿದವಳು ಹೊತ್ತು ಮುಳುಗುವವರೆಗೂ ಮಾತಾಡಿದಳು.

ಆ ಬೋರ್ಡು ಓದಿಯೂ ಬಂದ ಮೊದಲ ಮನುಷ್ಯ ದೇವಪ್ಪ. ಗಂಜಿನ ಮಾರುಕಟ್ಟೆಯಲ್ಲಿ ಭತ್ತದ ಚೀಲ ತೂಗುವ ಕೆಲಸ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನು, ಎಣ್ಣೆ ಹಚ್ಚಿ ಬಾಚಿದ ತಲೆ, ಒಂದು ಟ್ರಂಕು, ಒಂದು ಹಾಸಿಗೆ. ನಾನು ಬಾಡಿಗೆ ಇಷ್ಟು, ತಿಂಗಳ ಮೊದಲ ದಿನ ಕೊಡಬೇಕು ಅಂತ ಹೇಳಿ ಮುಗಿಸುವುದರೊಳಗೆ ಅವ್ವ ಚಾ ತಂದಳು. ಆ ಚಾದಲ್ಲೇ ನಮ್ಮ ಬಾಡಿಗೆ ಮುಳುಗಿತು.

"ಯಾವೂರಪ್ಪಾ ನಿಂದು?"

"ಗುರುಗುಂಟಾ ರೀ."

"ಗುರುಗುಂಟಾ! ನನ್ನ ತವರೂರು! ಅಲ್ಲಿ ಯಾ ಕಡೆ?"

"ದೊಡ್ಡ ಬಾವಿ ಮಗ್ಗಲ ರೀ."

"ಬಾವಿ ಮಗ್ಗಲ ಕರಿ ಎತ್ತು ಕಟ್ತಿದ್ರಲ್ಲ, ಆ ಮನಿ? ನಾ ಸಣ್ಣಾಕಿದ್ದಾಗ ಆ ಎತ್ತು ನನ್ನ ಕ್ವಾಡಿಗೆ ತಗೊಂಡು ಒಗದಿತ್ತು!"

"ಅದು ನಮ್ಮ ಮುತ್ಯಾನ ಎತ್ತು ರೀ" ಅಂದ ದೇವಪ್ಪ, ತಪ್ಪು ತನ್ನದೇ ಅನ್ನುವಂತೆ.

"ಹಂಗಾರ ನೀ ನನಗ ತಮ್ಮ ಆಗ್ಬೇಕು" ಅಂದಳು ಅವ್ವ. ನೋಡು, ಎತ್ತು ಗುಮ್ಮಿದ್ದಕ್ಕೂ ಒಂದು ವಾವಿ! ನಮ್ಮ ಕಡೆ ಯಾರನ್ನಾದರೂ ಕಂಡರೆ ಮೊದಲು ವಾವಿ ಹುಡುಕಬೇಕು. ಇವ ಕಾಕಾ ಆಗಬೇಕೋ, ಮಾವ ಆಗಬೇಕೋ, ತಮ್ಮನೋ ಅಂತ ಗೊತ್ತಾಗದೆ ನಮಗೆ ನೀರು ಇಳಿಯುವುದಿಲ್ಲ. ಅದು ಒಳ್ಳೆಯದೇ. ಆದರೆ ವಾವಿ ಹತ್ತಿದ ಮೇಲೆ ಬಾಡಿಗೆ ಕೇಳುವುದು ಹೇಗೆ? ತಿಂಗಳು ಮುಗಿದು ದೇವಪ್ಪ ನೋಟು ಮಡಚಿಕೊಂಡು ಬಂದರೆ ಅವ್ವ ಬೆಂಕಿ ಕಂಡವಳಂತೆ ಕೈ ಹಿಂದೆ ಸರಿಸಿದಳು. "ತಮ್ಮನ ಕೈಲೆ ಬಾಡಿಗಿ ಇಸ್ಕೊಂಡ್ರ ನನಗ ತವರಮನಿ ಬಾಗಲಾ ಬಂದ್ ಆಗ್ತೈತಿ. ಕಿಸೇದಾಗ ಇಟ್ಗೊ. ರೊಟ್ಟಿ ಆರ್ತಾವು, ಕುಂಡ್ರು." ಅವನು ಕುಂತ. ಐದು ರೊಟ್ಟಿ ತಿಂದ. ಕಾಕಾನ ಜೋಳ ಮೊದಲಿಗಿಂತ ಬೇಗ ಖಾಲಿಯಾಗತೊಡಗಿತು. ಬಾಡಿಗೆಗೆ ಕೊಟ್ಟು ನಷ್ಟ ಮಾಡಿಕೊಂಡವರನ್ನು ನೀನು ಎಲ್ಲಾದರೂ ಕಂಡಿದ್ದೆಯಾ?

ಎರಡನೆಯವನನ್ನು ನಾನೇ ಹುಡುಕಿ ತಂದೆ, ಅದೂ ಲೆಕ್ಕ ಹಾಕಿ. ವಾವಿಯೇ ಹತ್ತದ ಮನುಷ್ಯ ಬೇಕಿತ್ತು. ಅಕ್ಕಿ ಗಿರಣಿಯ ಯಂತ್ರ ರಿಪೇರಿಗೆ ಆಂಧ್ರದ ಕಡೆಯಿಂದ ಬಂದಿದ್ದ ಸುಬ್ಬಯ್ಯ ಸಿಕ್ಕ. ಕನ್ನಡ ಬರದು, ನಮ್ಮವರು ಯಾರೂ ಗೊತ್ತಿಲ್ಲ, ಲುಂಗಿ ಉಡುತ್ತಾನೆ. ಅವ್ವನಿಂದ ಆಣೆ ಹಾಕಿಸಿಕೊಂಡೆ: ಊರು ಕೇಳುವಂತಿಲ್ಲ. ಅವ್ವ ಆಣೆಗೆ ತಪ್ಪಲಿಲ್ಲ. ಊರು ಕೇಳಲಿಲ್ಲ, ತಾಯಿಯ ಹೆಸರು ಕೇಳಿದಳು. ಕೈಸನ್ನೆಯಲ್ಲಿ ತೊಟ್ಟಿಲು ತೂಗಿ, ಎದೆ ಮುಟ್ಟಿ, "ಅಮ್ಮಾ, ಅಮ್ಮಾ, ಹೆಸರು?" ಅಂದಳು. "ಲಕ್ಷ್ಮಮ್ಮ ಅಂಡಿ" ಅಂದ ಪಾಪದವನು. ನಾನು ಹಿತ್ತಲಿನಿಂದ ಓಡಿ ಬರುವಷ್ಟರಲ್ಲಿ ಅವ್ವನ ಕಣ್ಣಲ್ಲಿ ನೀರು. ಅವಳ ತಾಯಿಯ ಹೆಸರೂ ಲಕ್ಷ್ಮವ್ವ. "ಒಂದೇ ಹೆಸರಿನ ಹೊಟ್ಟ್ಯಾಗ ಹುಟ್ಟೀವಲ್ಲಬೇ, ಇವನೂ ನನಗ ತಮ್ಮನೇ!" ಸುಬ್ಬಯ್ಯನಿಗೆ ಮಾತು ತಿಳಿಯಲಿಲ್ಲ, ಆದರೆ ಬಾಡಿಗೆ ಕೊಡುವ ಕೆಲಸ ಇಲ್ಲ ಅನ್ನುವುದು ಹೇಗೋ ತಿಳಿಯಿತು.

ನಮ್ಮ ಹಿತ್ತಲ ಹಗ್ಗ ಬಸ್ ರಸ್ತೆಗೆ ಕಾಣುತ್ತದೆ, ಮರೆತಿದ್ದೆ. ಸುಬ್ಬಯ್ಯನ ಚೌಕಳಿ ಲುಂಗಿ ಗಾಳಿಗೆ ಹಾರುವುದನ್ನು ಆ ಕಂಡಕ್ಟರು ನೋಡಿಬಿಟ್ಟ. ನಮ್ಮ ಮನೆತನದಲ್ಲಿ ಲುಂಗಿ ಉಡುವವರು ಯಾರಿದ್ದಾರೆ? "ನಿಮ್ಮ ವೈನಿ ಹಿತ್ತಲದಾಗ ಲುಂಗಿ ಒಣಗಾಕತ್ತೈತಿ!" ಅಂತ ಸಂತೆಕಲ್ಲೂರಿನ ಬಸ್ ನಿಲ್ಲುವ ಕಟ್ಟೆಯಲ್ಲಿ ಒದರಿದನಂತೆ. ಯುಗಾದಿಗೆ ಇನ್ನೂ ದಿನಗಳಿದ್ದವು. ಕಾಕಾ ಕಾಯಲಿಲ್ಲ. ರವಿವಾರ ಬಿಸಿಲೇರುವ ಮೊದಲೇ ಬಂದ. ಹಿಂದೆ ಬಸಣ್ಣ. ಬಸಣ್ಣ ಯಾರನ್ನೂ ಮಾತಾಡಿಸದೆ ನೇರ ಖೋಲಿಯೊಳಗೆ ಹೋಗಿ ಮೇಲೆ ನೋಡಿದ. "ಫ್ಯಾನ್ ಇಲ್ಲೇನು?" ಅಂದ. ಬಂದಾಗ ಅಷ್ಟೇ ಅವನ ಮಾತು.

ಪಡಸಾಲೆಯಲ್ಲಿ ದೇವಪ್ಪ, ಸುಬ್ಬಯ್ಯ ಇಬ್ಬರೂ ಅವ್ವನ ಮುಂದೆ ತಾಟು ಹಿಡಿದು ನಾಷ್ಟಾ ಮಾಡುತ್ತಿದ್ದರು. ಕಾಕಾ ರುಮಾಲು ತೆಗೆದು ಮಂಚದ ಮೇಲೆ ಇಟ್ಟ.

"ವೈನಿ, ಯಾರಿವರು?"

"ನನ್ನ ತಮ್ಮಗೋಳು, ಶರಣಪ್ಪಾ."

"ನಿಮ್ಮಪ್ಪಗ ಗಂಡಮಕ್ಕಳೇ ಇದ್ದಿಲ್ಲಲ್ಲ!"

"ದೂರದ ತಮ್ಮಗೋಳು."

ಕಾಕಾ ಸುಬ್ಬಯ್ಯನ ಕಡೆ ತಿರುಗಿದ. "ಏನಪಾ ತಮ್ಮಾ, ಆರಾಮ ಅದೀಯೇನು?" ಸುಬ್ಬಯ್ಯ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ, "ಬಾಗುನ್ನಾನಂಡಿ" ಅಂದ. "ಬಹಳ ದೂರದ ತಮ್ಮ" ಅಂದಳು ಅವ್ವ.

ಕಾಕಾ ನನ್ನ ಕಡೆ ನೋಡಿದ. ನಾನು ಸುಳ್ಳು ಹೇಳುವುದಿಲ್ಲ ಅನ್ನುವುದು ಅವನಿಗೂ ಗೊತ್ತು. "ನೀ ಹೇಳ ಅಮ್ರಿ. ಇವರು ಯಾರು?" ಅವ್ವ ಹಿಂದಿನಿಂದ ಕಣ್ಣಲ್ಲೇ ಕೈ ಮುಗಿದಳು. ಒಂದು ಸಲ, ಒಂದೇ ಒಂದು ಸಲ 'ಮಾವಂದಿರು' ಅಂದಿದ್ದರೆ ಏನಾಗುತ್ತಿತ್ತು? ಆಗಲಿಲ್ಲ ಅಪ್ಪಾ. "ಬಾಡಿಗಿ ಮಂದಿ, ಕಾಕಾ. ಆದ್ರ ಅವ್ವ ಇನ್ನಾ ಬಾಡಿಗಿ ಇಸ್ಕೊಂಡಿಲ್ಲ" ಅಂದೆ.

ಕಾಕಾ ನಕ್ಕ ನಗುವಿಗೆ ಮಾಡಿನ ಗುಬ್ಬಿ ಹಾರಿಹೋಯಿತು. "ನನ್ನ ಜ್ವಾಳ ತಿಂದು ಪರದೇಶಿಗೋಳನ್ನ ಸಾಕಾಕತ್ತೀರೇನು? ಇದು ಮನಿ ಐತೋ ಧರ್ಮಛತ್ರ ಐತೋ? ಸಾಕು ಮಾಡ್ರಿ. ಸಾಮಾನ ಕಟ್ರಿ. ಬಸಣ್ಣ ಇಲ್ಲಿ ಇರ್ತಾನ, ಲಗ್ನದ ತನಕಾ ನೀವಿಬ್ರೂ ನಮ್ಮ ಜೋಡಿ ನಡೀರಿ." ನಾನು ಬಾಯಿಬಿಟ್ಟು ನಿಜ ಹೇಳಿದ್ದಕ್ಕೆ ಆದ ಲಾಭ ಇದು. ಅವ್ವನ ಮುಖ ಕೆಂಪಗಾಯಿತು. "ದೇವಪ್ಪ ನನ್ನ ತಮ್ಮನೇ! ಗುರುಗುಂಟಾದಾಂವ, ನಮ್ಮ ಮಂದಿನೇ. ಬೇಕಾರ ಕೇಳ್ಕೊಂಡು ಬಾ" ಅಂತ ಎದ್ದು ನಿಂತಳು.

"ಹೌದಾ?" ಅಂದ ಕಾಕಾ, ಮೆಲ್ಲಗೆ. "ಹಂಗಾರ ಛಲೋನೇ ಆತು. ಸೋದರಮಾವ ಮನ್ಯಾಗ ಕುಂತು ರೊಟ್ಟಿ ತಿನ್ನಾಕತ್ತಾಗ ಬಸಣ್ಣನ ಉಸಾಬರಿ ಯಾಕ? ಸೋದರಮಾವನ ಹಕ್ಕು ಮೊದಲು. ಏ ತಮ್ಮಾ, ನಿನ್ನ ಲಗ್ನ ಆಗೈತೇನು?"

"ಇ... ಇಲ್ಲ ರೀ."

"ಮತ್ತಿನ್ನೇನು? ಯುಗಾದಿ ಮುಂದ ತಾಳಿ ಕಟ್ಟು!"

ಕಾಕಾ ಅವ್ವನ ಸುಳ್ಳು ಬಿಚ್ಚಲೆಂದೇ ಹಾಗೆ ಅಂದದ್ದು. ಅವ್ವ ಹೌಹಾರಬೇಕಿತ್ತು. ಹೌಹಾರಲಿಲ್ಲ. ಸೆರಗು ಸರಿಮಾಡಿಕೊಂಡು, ಕಂಬದ ಮೇಲಿನ ಇಲ್ಲದ ಧೂಳು ಒರೆಸತೊಡಗಿದಳು. ಆಗ ನನಗೆ ಹೊಳೆಯಿತು. ಅವತ್ತು ದೇವಪ್ಪನನ್ನು 'ಮಗನೇ' ಅಂದಿದ್ದರೆ ಅವನು ನನಗೆ ಅಣ್ಣನಾಗುತ್ತಿದ್ದ. ಅವಳು ಅಂದದ್ದು 'ತಮ್ಮ'. ತಾಯಿಯ ತಮ್ಮನಿಗೆ ಮಗಳನ್ನು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಎಲ್ಲ ವಾವಿ ಬಿಟ್ಟು ಅದನ್ನೇ ಆರಿಸಿಕೊಂಡಿದ್ದಳು! ನಾನು ಬಾಡಿಗೆಗೆ ಕೊಟ್ಟ ಖೋಲಿಯಲ್ಲಿ ಅವಳು ಸದ್ದಿಲ್ಲದೆ ನಿನ್ನ ಅಳಿಯನನ್ನು ಸಾಕುತ್ತಿದ್ದಳು. ದಿನಕ್ಕೆ ಹತ್ತು ರೊಟ್ಟಿ ಹಾಕಿ. ಸುಬ್ಬಯ್ಯನನ್ನು ತಮ್ಮ ಅಂದದ್ದು ಮಾತ್ರ ಬರೀ ಚಟಕ್ಕೆ ಅಂತ ನಂಬಿದ್ದೇನೆ.

ದೇವಪ್ಪ ಮಾಡಿದ್ದು ಇನ್ನೂ ಕಣ್ಣ ಮುಂದಿದೆ. ತಾಟು ನೆಲಕ್ಕಿಟ್ಟು ಖೋಲಿಗೆ ಓಡಿ, ಟ್ರಂಕು ತೆರೆದು, ವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟಿದ್ದ ರೊಕ್ಕ ತಂದು ಮಂಚದ ಮೇಲೆ ಸುರಿದ. ಅವ್ವ ತಿರುಗಿಸಿ ಕೊಟ್ಟಿದ್ದ ಬಾಡಿಗೆಯನ್ನೆಲ್ಲ ಅವನು ಖರ್ಚು ಮಾಡಿರಲಿಲ್ಲ. "ಅಕ್ಕಾ, ನಿನ್ನ ಕಾಲ ಬೀಳ್ತೀನಿ, ಬಾಡಿಗಿ ತಗೊ. ನಮ್ಮೂರಾಗ ನನಗ ಹುಡುಗಿ ಗೊತ್ತಮಾಡ್ಯಾರ. ನೀ ಬಾಡಿಗಿ ತಗೊಳ್ಳಿಲ್ಲಂದ್ರ ನನಗ ಇಲ್ಲೇ ಲಗ್ನ ಮಾಡ್ತಾರ!" ಸುಬ್ಬಯ್ಯನಿಗೆ ಇಷ್ಟು ಹೊತ್ತಿನ ಮಾತುಕತೆಯಲ್ಲಿ 'ಲಗ್ನ', 'ತಾಳಿ' ಎರಡೇ ತಿಳಿದಿದ್ದವು. ದೇವಪ್ಪ ರೊಕ್ಕ ಕೊಟ್ಟು ಪಾರಾಗುತ್ತಿರುವುದನ್ನು ಕಂಡವನೇ, "ನಾಕು ಪೆಳ್ಳಯಿಂದಂಡಿ! ಇದ್ದರು ಪಿಲ್ಲಲು!" ಅಂತ, ತನಗೆ ಮದುವೆಯಾಗಿ ಇಬ್ಬರು ಮಕ್ಕಳಿರುವುದನ್ನು ಎರಡು ಬೆರಳೆತ್ತಿ ತೋರಿಸುತ್ತ, ಕಿಸೆಯೊಳಗಿದ್ದದ್ದನ್ನೆಲ್ಲ ಮಂಚಕ್ಕೆ ಹಾಕಿದ. ನಗು ತಡೆಯಲಾರದೆ ನಾನು ಬಾಗಿಲ ಹಿಂದೆ ಹೋದೆ. ನನ್ನನ್ನು ಮದುವೆಯಾಗಬೇಕಾದೀತು ಅಂತ ಇಬ್ಬರು ಗಂಡಸರು ಬಾಡಿಗೆ ಕಟ್ಟಿದರು ಅಪ್ಪಾ. ನಿನ್ನ ಮಗಳಿಗೆ ಬೇರೆ ಯಾವ ಮರ್ಯಾದೆ ಬೇಕು?

ಬಾಗಿಲ ಹಿಂದಿನಿಂದ ಕಂಡದ್ದು ಹೇಳುತ್ತೇನೆ, ಇದನ್ನು ನೀನು ಸರಿಯಾಗಿ ಕೇಳಬೇಕು. ರೊಕ್ಕ ಮಂಚದ ಮೇಲೆ ಬಿದ್ದಿತ್ತು. ಅವ್ವ ಮುಟ್ಟಲಿಲ್ಲ. ಕಾಕಾ, "ಇರಲಿ, ಮನಿ ಹಿರ್ಯಾ ಅಂತ ನಾ ಇಟ್ಗೊಂಡಿರ್ತೀನಿ, ಲಗ್ನದ ಖರ್ಚಿಗೆ ಆಕ್ಕಾವು" ಅಂತ ಕೈ ಚಾಚಿದ. ಅದು ಅವನ ಕೈ ಸೇರಿದ್ದರೆ ಮುಗಿದಿತ್ತು, ಖೋಲಿಯೂ ನಾವೂ. ಅವ್ವ ಒಂದು ಹೆಜ್ಜೆ ಮುಂದೆ ಬಂದು ರೊಕ್ಕದ ಮೇಲೆ ಅಂಗೈ ಊರಿದಳು. ಹಿಟ್ಟು ಮೆತ್ತಿದ್ದ ಅಂಗೈ.

"ಕೈ ತಗಿ, ಶರಣಪ್ಪಾ. ಅದು ನನ್ನ ಮನಿ ಬಾಡಿಗಿ."

ಆ ಶಬ್ದ ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ತಮ್ಮ ಅಂದಿ?" ಅಂದ ಕಾಕಾ.

"ತಮ್ಮನೇ. ಬಾಡಿಗಿ ಕೊಡೋ ತಮ್ಮ."

ಕಾಕಾ ರುಮಾಲು ಝಾಡಿಸಿ ತಲೆಗೆ ಸುತ್ತಿದ. ಸುತ್ತುವಾಗ ಎರಡು ಸಲ ಬಿಚ್ಚಿತು. ಬಸಣ್ಣ ಖೋಲಿಯಿಂದ ಹೊರಗೆ ಬಂದು, "ನಡಿ ಮಾಮಾ, ಇಲ್ಲಿ ಶೆಕಿ ಬಾಳ ಐತಿ" ಅಂದ. ಅವರು ಹೋದ ಮೇಲೆ ಅವ್ವ ಮಂಚದ ಮೇಲೆ ಕುಂತು ಅತ್ತಳು. ಯಾಕಬೇ ಅಂತ ಕೇಳಿದೆ. "ಛಲೋ ಹುಡುಗ ಕೈ ತಪ್ಪಿದ" ಅಂದಳು. ಅವಳ ಅಳು ಪೂರ್ತಿ ಅದಕ್ಕೇ ಇರಲಿಕ್ಕಿಲ್ಲ ಬಿಡು.

ಮುಂದಿನ ತಿಂಗಳ ಚೀಲವನ್ನು ನಾವು ಬಸ್ಸಿನಿಂದ ಇಳಿಸಿಕೊಳ್ಳಲಿಲ್ಲ. ಅವ್ವ ತಾನೇ ನಿಲ್ದಾಣಕ್ಕೆ ಬಂದು ಕಂಡಕ್ಟರಿಗೆ, "ತಿರುಗಿ ಒಯ್ಯಪಾ, ನಮ್ಮ ಜ್ವಾಳ ನಾವು ಗಂಜಿನಾಗ ಕೊಂಡೀವಿ ಅಂತ ಹೇಳು" ಅಂದಳು. ನಾನು ಸೇರಿಸಿದೆ: "ಹೋದ ಸಲದ ಜ್ವಾಳದಾಗ ಹುಳ ಇದ್ದವು, ಅದನ್ನೂ ಹೇಳು." ಅವನು ಸಂತೆಕಲ್ಲೂರಿನಲ್ಲಿ ಎರಡನ್ನೂ ಒದರಿದನಂತೆ. ಯುಗಾದಿ ಬಂತು, ಹೋಯಿತು. ಯಾರೂ ಕರೆಯಲು ಬರಲಿಲ್ಲ. ಕಾಕಾ ಕೆಟ್ಟವನು ಅಂತ ನಾನು ಹೇಳುವುದಿಲ್ಲ. ನೀನು ಹೋದಾಗ ಮೊದಲು ಓಡಿ ಬಂದವನು ಅವನೇ. ಕೊಟ್ಟ ಜೋಳವನ್ನು ಮರೆಯುವುದಷ್ಟೇ ಅವನಿಗೆ ಬರುವುದಿಲ್ಲ.

ಈಗ ಅವ್ವನನ್ನು ನೋಡಬೇಕು ನೀನು. ಮೊನ್ನೆ ವಳಕಮದಿನ್ನಿಯಿಂದ ಒಬ್ಬ ಖೋಲಿ ಕೇಳಲು ಬಂದ. ಜಾಗ ಇರಲಿಲ್ಲ, ಆದರೂ ಮಾತಾಡಿಸಿದಳು. "ಮೊದಲ ರೊಕ್ಕ, ಆಮ್ಯಾಲೆ ಚಾ, ಆಮ್ಯಾಲೆ ಯಾವೂರು ಅಂತ ಕೇಳ್ತೀನಿ. ಹಿಂದಮುಂದ ಆಗಂಗಿಲ್ಲ ನೋಡಪಾ" ಅಂದಳು. ದೇವಪ್ಪನ ಲಗ್ನ ಈ ಸುಗ್ಗಿಗೆ. ಅಕ್ಕ ಅಂತ ಆರತಿ ಹಿಡಿಯುವವಳು ಅವ್ವನೇ. ಸೀರೆ ಈಗಲೇ ಆರಿಸಿ ಇಟ್ಟಿದ್ದಾಳೆ. ಸುಬ್ಬಯ್ಯ ಊರಿಗೆ ಹೋಗಿಬಂದಾಗ ಹೆಂಡತಿ ಮಕ್ಕಳ ಫೋಟೋ ತಂದು ತೋರಿಸಿದ, ಸಾಕ್ಷಿಗಿರಲಿ ಅಂತ.

ನನ್ನ ಮಾತಿಗೆ ಬರುತ್ತೇನೆ. ನಮ್ಮ ಬೋರ್ಡು ನೋಡಿ ಹುಡುಗಿಯರೂ ಬರುತ್ತಿದ್ದರು. ಹೊಸ ಟೀಚರು, ದವಾಖಾನೆಯ ನರ್ಸು, ಕಚೇರಿಗೆ ಟೈಪು ಮಾಡಲು ಬಂದವಳು. ಗಂಡಸರಿರುವ ಮನೆ ಅಂತ ತಿರುಗಿ ಹೋಗುವರು. ಎಲ್ಲಿಗೆ ಹೋಗುತ್ತಾರೆ ಇವರು ಅಂತ ಒಬ್ಬಳ ಹಿಂದೆ ಸೈಕಲ್ ಹೊಡೆದುಕೊಂಡು ಹೋಗಿ ಕೇಳಿದೆ. ಒಂಟಿ ಹುಡುಗಿಗೆ ಇಲ್ಲಿ ಎಲ್ಲೂ ಖೋಲಿ ಕೊಡುವುದಿಲ್ಲ, ಲಿಂಗಸುಗೂರಿಗೆ ವರ್ಗವಾದರೆ ಅಲ್ಲಿಯೂ ಇದೇ ಪಾಡು ಅಂದಳು. ಹೋಗಿ ನೋಡಿಬಂದೆ. ಬಸ್ ನಿಲ್ದಾಣದ ಹಿಂದೆ ಮೂರು ಖೋಲಿಯ ಮನೆ ಖಾಲಿ ಇತ್ತು. ಮಾಲಕಿ ಒಬ್ಬ ಮುದುಕಿ. ಇಡೀ ಮನೆ ನಾನು ಬಾಡಿಗೆಗೆ ಹಿಡಿದು, ಎರಡು ಖೋಲಿ ಹುಡುಗಿಯರಿಗೆ ಕೊಡುತ್ತೇನೆ, ಲಾಭ ನಿಮ್ಮದಲ್ಲ ನನ್ನದು ಅಂತ ಇದ್ದದ್ದನ್ನೇ ಹೇಳಿದೆ. ಮುದುಕಿ ನಕ್ಕು ಕೀಲಿ ಕೊಟ್ಟಳು. ಇಬ್ಬರು ನರ್ಸುಗಳು ಈಗಾಗಲೇ ಮುಂಗಡ ಕೊಟ್ಟಿದ್ದಾರೆ.

ಅವ್ವ ನಿನ್ನೆಯವರೆಗೂ ಮಾತು ಬಿಟ್ಟಿದ್ದಳು. ಬಹಳ ಮಾತಾಡುವವಳು ಮಾತು ಬಿಟ್ಟರೆ ಮನೆ ಹೇಗಿರುತ್ತದೆ ಯೋಚಿಸು. "ಲಗ್ನ ಇಲ್ಲದ ಹುಡುಗಿ ಬ್ಯಾರೆ ಊರಾಗ ಮನಿ ಮಾಡ್ತಾಳೇನು? ಮಂದಿ ಏನಂತಾರ?" ಅಂತ ಕೊನೆಗೆ ಕೇಳಿದಳು. "ಮಂದಿ ಲುಂಗಿ ನೋಡಿ ಏನಂದ್ರು?" ಅಂದೆ. ಅವಳ ತುಟಿ ಅಲುಗಿತು, ನಗಲಿಲ್ಲ. ಇವತ್ತು ಸಂಜೆ ಒಂದು ಬುಟ್ಟಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. ನಾನು ಅಲ್ಲಿ ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ ಅಪ್ಪಾ. ಭಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಹಾಸಿಗೆ ಸುತ್ತಿ ಹಗ್ಗ ಬಿಗಿದಿದ್ದೇನೆ. ನಾಳೆ ಬೆಳಿಗ್ಗೆ ಮಸ್ಕಿ ಮೇಲೆ ಹೋಗುವ ಮೊದಲ ಬಸ್ಸಿಗೆ ಲಿಂಗಸುಗೂರಿಗೆ ಹೋಗುತ್ತೇನೆ.

ನಿನ್ನ ಮಗಳು,
ಅಮ್ರಿ